ಮಗಳು ಗಣಿತದಲ್ಲೇ ಮುಂದೆ ಹೋಗ್ತೀನಿ ಅಂತಾಳೆ, ಕಳಿಸಬಹುದಾ?

ಪ್ರಶ್ನೆ: "ಮೇಡಂ, ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ ಇದೆ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಅರ್ಧಕ್ಕೆ ಇಳಿದಿದೆ. ಮಗಳು ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೇ ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಗಣಿತದಲ್ಲಿ ಮೊದಲಿಂದಲೂ ಚುರುಕು. ಈಗ ಡಿಫರೆನ್ಶಿಯಲ್ ಜಾಮೆಟ್ರಿ, ಜಾಮೆಟ್ರಿಕ್ ಅನಾಲಿಸಿಸ್ ಅಂತ ಏನೋ ಹೇಳುತ್ತಾಳೆ, ಅದರಲ್ಲೇ ಪಿಎಚ್‌ಡಿ ಮಾಡಬೇಕಂತೆ. ನೆಂಟರೆಲ್ಲ ಬಿ.ಎಡ್ ಮಾಡಿಸು, ಇಲ್ಲಾ ಎಂಸಿಎಗೆ ಸೇರಿಸು ಅಂತಾರೆ. ಗಣಿತಜ್ಞರಾಗೋಕೆ ಹುಟ್ಟಿನಿಂದಲೇ ಜೀನಿಯಸ್ ಆಗಿರಬೇಕು, ಮೂವತ್ತು ದಾಟಿದರೆ ತಲೆ ಓಡಲ್ಲ, ಹತ್ತು ವರ್ಷ ಓದಿದ ಮೇಲೂ ಅತಿಥಿ ಉಪನ್ಯಾಸಕಿಯಾಗಿಯೇ ಉಳೀತಾಳೆ ಅಂತ ಹೆದರಿಸಿದ್ದಾರೆ. ಮದುವೆ ಮಾತೂ ಬರುತ್ತಿದೆ. ತೋಟದ ಮೇಲೆ ಸಾಲ ತೆಗೆಯೋಕೂ ನಾನು ತಯಾರಿದ್ದೀನಿ. ಆದರೆ ದಾರಿ ಯಾವುದು, ಕೊನೆಗೆ ಏನಾಗುತ್ತೆ ಅಂತ ಯಾರೂ ಬಿಡಿಸಿ ಹೇಳುತ್ತಿಲ್ಲ."

ಉತ್ತರ:

ಮೊದಲು ಸಾಲದ ಮಾತು. ತೆಗೆಯಬೇಡಿ. ಗಣಿತದ ಪಿಎಚ್‌ಡಿಗೆ ತೋಟ ಅಡ ಇಡುವ ಪರಿಸ್ಥಿತಿ ಬಂದರೆ, ಎಲ್ಲೋ ತಪ್ಪು ಬಾಗಿಲು ತಟ್ಟಿದ್ದೀರಿ ಅಂತಲೇ ಅರ್ಥ. ಒಳ್ಳೆಯ ಕಡೆ ಸೇರಿದರೆ ಅವಳಿಗೇ ದುಡ್ಡು ಕೊಡುತ್ತಾರೆ. 2023ರ ಜನವರಿಯಿಂದ ಕೇಂದ್ರ ಸರ್ಕಾರದ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಬಾಡಿಗೆ ಭತ್ಯೆ ಬೇರೆ. ಒಬ್ಬಳು ಹುಡುಗಿ ಮನೆಗೆ ಭಾರವಾಗದೆ ಬದುಕಲು ಇದು ಸಾಕು.

ನಿಮ್ಮ ಪತ್ರ ಎರಡು ಸಲ ಓದಿದೆ. ಭಯ ಒಂದೇ ಇದೆ ಅಂತ ನಿಮಗೆ ಅನಿಸಿರಬಹುದು, ನನಗೆ ಮೂರು ಕಾಣಿಸಿತು. ಇದು ನಮ್ಮಂಥವರ ಮನೆ ಮಕ್ಕಳಿಗೆ ಆಗುವ ಕೆಲಸವಾ ಅನ್ನುವುದು ಒಂದು. ಇಷ್ಟು ವರ್ಷ ಓದಿದ ಮೇಲೆ ಕೈಗೆ ಏನು ಸಿಗುತ್ತದೆ ಅನ್ನುವುದು ಇನ್ನೊಂದು. ಮೂರನೆಯದನ್ನು ನೀವು ನೇರವಾಗಿ ಬರೆದಿಲ್ಲ: ಮಗಳು ಏನು ಓದುತ್ತಾಳೆ ಅಂತಲೇ ಗೊತ್ತಿಲ್ಲದೆ ಅವಳ ಪರವಾಗಿ ನೆಂಟರ ಮುಂದೆ ಹೇಗೆ ಮಾತಾಡಲಿ ಅನ್ನುವುದು. ಅದರಿಂದಲೇ ಶುರು ಮಾಡುತ್ತೇನೆ. ನಾನೂ ಸಾಗರ ತಾಲೂಕಿನವಳು, ಇದೇ ಗಣಿತ ಮಾಡುವವಳು. ನಮ್ಮ ಅಪ್ಪಯ್ಯನಿಗೂ ಇದೇ ತೊಂದರೆ ಇತ್ತು.

ಜಾಮೆಟ್ರಿ ಅಂದ ಕೂಡಲೇ ಕಂಪಾಸ್ ಬಾಕ್ಸ್, ತ್ರಿಕೋನ ನೆನಪಾಗುತ್ತದೆ ಅಲ್ವಾ. ಡಿಫರೆನ್ಶಿಯಲ್ ಜಾಮೆಟ್ರಿ ಅಂದರೆ ಬಾಗಿದ ವಸ್ತುಗಳ ಜಾಮೆಟ್ರಿ. ತೋಟದಲ್ಲಿ ಬಿದ್ದ ಒಂದು ಅಡಿಕೆ ಹಾಳೆ ಎತ್ತಿಕೊಳ್ಳಿ. ಚಪ್ಪಟೆ ಮಾಡಬಹುದು, ಕೊಳವೆಯ ಹಾಗೆ ಸುತ್ತಬಹುದು. ಈಗ ಅದೇ ಹಾಳೆಯಲ್ಲಿ ದೊನ್ನೆ ಮಾಡಿ. ಸುಮ್ನೆ ಬಾಗಿಸಿದರೆ ಆಗುವುದಿಲ್ಲ. ಮೂಲೆ ಮಡಿಸಲೇಬೇಕು, ಕಡ್ಡಿ ಚುಚ್ಚಲೇಬೇಕು. ಮಡಿಕೆ ಇಲ್ಲದ ದುಂಡನೆ ತಟ್ಟೆ ಬೇಕೆಂದರೆ ನೀರಲ್ಲಿ ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಬೇಕು. ಆಗ ನಾರು ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಹಿಗ್ಗಿಸದೆ, ಕುಗ್ಗಿಸದೆ, ಮಡಿಸದೆ ಚಪ್ಪಟೆ ಹಾಳೆಯನ್ನು ಬಟ್ಟಲು ಮಾಡಲು ಯಾಕೆ ಆಗುವುದಿಲ್ಲ? 1827ರಲ್ಲಿ ಜರ್ಮನಿಯ ಗೌಸ್ ಇದಕ್ಕೆ ಕಾರಣ ತೋರಿಸಿಕೊಟ್ಟರು. ಪ್ರತಿ ಮೇಲ್ಮೈಗೂ ಒಳಗಿನದೇ ಒಂದು ಬಾಗು ಇರುತ್ತದೆ, ಎಳೆಯದೆ ಹರಿಯದೆ ಎಷ್ಟೇ ತಿರುಚಿದರೂ ಅದು ಬದಲಾಗುವುದಿಲ್ಲ. ಚಪ್ಪಟೆ ಹಾಳೆಯದು ಸೊನ್ನೆ. ಚೆಂಡಿನದು ಸೊನ್ನೆಯಲ್ಲ. ಭೂಮಿಯ ನಕ್ಷೆಯನ್ನು ಕಾಗದದ ಮೇಲೆ ಬರೆದಾಗ ಯಾವುದಾದರೂ ಒಂದು ಅಳತೆ ಕೆಡಲೇಬೇಕು ಅನ್ನುವುದಕ್ಕೂ ಇದೇ ಕಾರಣ. ಇದನ್ನು ರೀಮಾನ್ 1854ರಲ್ಲಿ ಎಷ್ಟು ಆಯಾಮಗಳಿಗೆ ಬೇಕಾದರೂ ಹಿಗ್ಗಿಸಿದರು. ಅರವತ್ತೊಂದು ವರ್ಷ ಆದ ಮೇಲೆ, 1915ರಲ್ಲಿ, ಐನ್‌ಸ್ಟೈನ್ ಗುರುತ್ವವನ್ನು ಅದೇ ಭಾಷೆಯಲ್ಲಿ ಬರೆದರು. "ಇದರಿಂದ ಏನು ಉಪಯೋಗ" ಅಂತ ಕೇಳುವ ನೆಂಟರಿಗೆ, ಫೋನಿನ ಜಿಪಿಎಸ್ ಸರಿಯಾದ ಜಾಗ ತೋರಿಸಲು ಆ ಲೆಕ್ಕವೂ ಬೇಕು ಅಂತ ಹೇಳಿ.

ಜಾಮೆಟ್ರಿಕ್ ಅನಾಲಿಸಿಸ್ ಅದರ ಮುಂದಿನ ಹೆಜ್ಜೆ. ಬೇಲಿಯ ಕಾಡುಹರಳಿನ ದಂಟು ಮುರಿದು, ಹುಲ್ಲಿನ ಕುಣಿಕೆಗೆ ಅದರ ಹಾಲು ಹಿಡಿದು, ಊದಿ ಗುಳ್ಳೆ ಬಿಟ್ಟಿದ್ದು ನಿಮಗೂ ನೆನಪಿರಬೇಕು. ಊದುವ ಮೊದಲು ಕುಣಿಕೆಯಲ್ಲಿ ಒಂದು ತೆಳು ಪರೆ ನಿಂತಿರುತ್ತದೆ. ಕುಣಿಕೆಯನ್ನು ಸ್ವಲ್ಪ ತಿರುಚಿದರೆ ಪರೆಯೂ ತಿರುಚಿಕೊಳ್ಳುತ್ತದೆ, ಆದರೆ ಆ ಅಂಚಿಗೆ ಸಾಧ್ಯವಿರುವಷ್ಟು ಕಡಿಮೆ ಜಾಗ ಬಳಸಿಯೇ ನಿಲ್ಲುತ್ತದೆ. ಯಾವ ಅಂಚು ಕೊಟ್ಟರೂ ಅಂಥ ಒಂದು ಪರೆ ಇದ್ದೇ ಇರುತ್ತದಾ? ಮಕ್ಕಳ ಆಟದ ಪ್ರಶ್ನೆ, ಉತ್ತರ ಸಿಕ್ಕಿದ್ದು 1930ರ ಆಸುಪಾಸಿನಲ್ಲಿ. ಜೆಸ್ಸಿ ಡಗ್ಲಸ್ ಮತ್ತು ಟಿಬೊರ್ ರಾಡೊ ಬೇರೆ ಬೇರೆಯಾಗಿ ಸಾಧಿಸಿದರು. 1936ರಲ್ಲಿ ಮೊದಲ ಸಲ ಕೊಟ್ಟ, ಗಣಿತದ ಅತಿ ದೊಡ್ಡ ಗೌರವ ಅನಿಸಿಕೊಂಡ ಎರಡು ಫೀಲ್ಡ್ಸ್ ಪದಕಗಳಲ್ಲಿ ಒಂದು ಡಗ್ಲಸ್ ಅವರಿಗೆ ಸಿಕ್ಕಿತು. ಆಕಾರದ ಪ್ರಶ್ನೆಯನ್ನು ಸಮೀಕರಣವಾಗಿ ಬರೆದು, ಆ ಸಮೀಕರಣಕ್ಕೆ ಉತ್ತರ ಇದೆಯಾ, ಇದ್ದರೆ ಎಷ್ಟು ನುಣುಪು ಅಂತ ಹುಡುಕುವುದೇ ನಮ್ಮ ಕೆಲಸ.

ಇನ್ನೊಂದು ಉದಾಹರಣೆ ಕೊಡದೆ ಮುಂದೆ ಹೋಗಲು ಮನಸ್ಸಿಲ್ಲ, ನಾನು ಈ ದಾರಿ ಹಿಡಿದದ್ದೇ ಅದರಿಂದ. ಬಚ್ಚಲು ಮನೆಯ ಹಂಡೆಗೆ ಬೆಂಕಿ ಹಾಕಿದರೆ ಬಿಸಿ ಒಂದು ಕಡೆಯಿಂದ ಎಲ್ಲ ಕಡೆಗೂ ಹರಡಿ ಸಮ ಆಗುತ್ತಾ ಹೋಗುತ್ತದೆ ಅಲ್ವಾ. 1982ರಲ್ಲಿ ರಿಚರ್ಡ್ ಹ್ಯಾಮಿಲ್ಟನ್, ಬಿಸಿಯ ಬದಲು ಬಾಗನ್ನೇ ಹೀಗೆ ಹರಡಲು ಬಿಟ್ಟರೆ ಏನಾಗುತ್ತದೆ ಅಂತ ಕೇಳಿದರು. ಅದಕ್ಕೆ ರಿಚಿ ಫ್ಲೋ ಅಂತ ಹೆಸರು. ಅಂಕುಡೊಂಕಾದ ಆಕಾರ ನಿಧಾನವಾಗಿ ದುಂಡಗಾಗುತ್ತದೆ. ತೊಂದರೆ ಎಲ್ಲಿ ಅಂದರೆ, ಸೋರೆಬುರುಡೆಯ ಹಾಗೆ ನಡು ಸಣ್ಣ ಇರುವ ಆಕಾರ ಆದರೆ ಆ ಕುತ್ತಿಗೆ ಸಪೂರ ಆಗುತ್ತಾ ಆಗುತ್ತಾ ಕಿತ್ತುಹೋಗುತ್ತದೆ, ಸಮೀಕರಣ ಅಲ್ಲಿಗೆ ನಿಂತುಬಿಡುತ್ತದೆ. ಕುತ್ತಿಗೆಯಲ್ಲಿ ಕತ್ತರಿಸಿ, ಬಾಯಿ ಮುಚ್ಚಿ, ಮತ್ತೆ ಹರಿಯಲು ಬಿಡುವ ಯೋಚನೆಯೂ ಹ್ಯಾಮಿಲ್ಟನ್ ಅವರದೇ. ಅದನ್ನು ಮೂರು ಆಯಾಮದಲ್ಲಿ ಪೂರ್ತಿ ಮಾಡಿದ್ದು ರಷ್ಯಾದ ಗ್ರಿಗರಿ ಪೆರೆಲ್ಮನ್, 2002 ಮತ್ತು 2003ರಲ್ಲಿ. ಮೂರು ಆಯಾಮದ ಆಕಾರಗಳ ಬಗ್ಗೆ ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ 1904ರಲ್ಲಿ ಕೇಳಿದ್ದ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು. ಪೆರೆಲ್ಮನ್ 2006ರಲ್ಲಿ ಫೀಲ್ಡ್ಸ್ ಪದಕ ಬೇಡ ಅಂದರು, 2010ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನವನ್ನೂ ಬೇಡ ಅಂದರು. ಪತ್ರಿಕೆಯವರಿಗೆ ಬಹುಮಾನದ ಕಥೆಯೇ ದೊಡ್ಡದಾಯಿತು. ನನಗೆ ದೊಡ್ಡದು ಆ ಕುತ್ತಿಗೆಯ ಲೆಕ್ಕ.

ಈಗ ನೆಂಟರ ಮಾತಿಗೆ ಬರೋಣ.

ಮೂವತ್ತು ದಾಟಿದರೆ ತಲೆ ಓಡಲ್ಲ ಅನ್ನುವುದು ಸುಳ್ಳು. ರಿಚಿ ಫ್ಲೋ ಬಗೆಗಿನ ಸಂಶೋಧನಾ ಲೇಖನ ಬಂದಾಗ ಹ್ಯಾಮಿಲ್ಟನ್ ಅವರಿಗೆ ನಲವತ್ತರ ಹತ್ತಿರ. ಪೆರೆಲ್ಮನ್ ಅವರಿಗೆ ಮೂವತ್ತಾರು. ಹತ್ತೊಂಬತ್ತನೇ ಶತಮಾನದಲ್ಲಿ ಹೋಗಿ ನೋಡಿದರೆ ವಯರ್‌ಸ್ಟ್ರಾಸ್ ಇದ್ದಾರೆ. ಸಣ್ಣ ಊರುಗಳ ಶಾಲೆಯಲ್ಲಿ ಮೇಷ್ಟರಾಗಿದ್ದವರು, ಹೆಸರು ತಂದ ಲೇಖನ ಪ್ರಕಟವಾದದ್ದು 1854ರಲ್ಲಿ, ಆಗ ವಯಸ್ಸು ಮೂವತ್ತೆಂಟು ದಾಟಿತ್ತು. ಆ ಕಾಡುಹರಳಿನ ಪರೆಗಳಿಗೆ ಸೂತ್ರ ಕೊಟ್ಟವರಲ್ಲಿ ಅವರೂ ಒಬ್ಬರು. ನಮ್ಮ ವಿಷಯದಲ್ಲಿ ಕಲಿಯಬೇಕಾದ್ದೇ ಜಾಸ್ತಿ. ಬಾಗಿನ ಭಾಷೆ ಬರಬೇಕು, ಸಮೀಕರಣಗಳ ಪಟ್ಟು ಬರಬೇಕು, ಎರಡೂ ಕೈಗೆ ಹತ್ತುವಷ್ಟರಲ್ಲಿ ಇಪ್ಪತ್ತೆಂಟಾಗಿರುತ್ತದೆ.

ಹುಟ್ಟು ಜೀನಿಯಸ್ ಮಾತು ಪೂರ್ತಿ ಸುಳ್ಳು ಅಂತ ಹೇಳಲಾರೆ. ಅಂಥವರು ಇದ್ದಾರೆ. ಮಧ್ಯಪ್ರದೇಶದ ಗುಣಾ ಅನ್ನುವ ಊರಿನಲ್ಲಿ ಹುಟ್ಟಿದ ವಿಜಯ್ ಕುಮಾರ್ ಪಾಟೋಡಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೂತು, ಬಿಸಿ ಹರಡುವ ಅದೇ ಸಮೀಕರಣ ಹಿಡಿದು, ಇಪ್ಪತ್ತೈದರ ಆಸುಪಾಸಿನಲ್ಲಿ ಜಗತ್ತೇ ತಿರುಗಿ ನೋಡುವ ಕೆಲಸ ಮಾಡಿದರು. 1976ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೊಂದು. ಆದರೆ ವಿಷಯ ನಡೆಯುವುದು ಅಂಥ ನಾಲ್ಕು ಜನರಿಂದ ಮಾತ್ರ ಅಲ್ಲ. ಅವರು ತೋರಿಸಿದ ದಾರಿಯಲ್ಲಿ ಕಲ್ಲು ಎತ್ತುವವರು, ಸೇತುವೆ ಕಟ್ಟುವವರು, ಮುಂದಿನವರಿಗೆ ಕಲಿಸುವವರು ಬೇಕು. ನಾನು ಆ ಸಾಲಿನವಳು, ತೃಪ್ತಿಯಿಂದ ಇದ್ದೇನೆ. ಈ ಕೆಲಸಕ್ಕೆ ಬೇಕಾದ ಗುಣ ಅಂದರೆ, ಒಂದು ಲೆಕ್ಕ ಮೂರು ತಿಂಗಳು ಬಾರದಿದ್ದರೂ ಬೆಳಗ್ಗೆ ಎದ್ದು ಮತ್ತೆ ಅದರ ಮುಂದೆ ಕೂರುವುದು. ಇದು ನಿಮ್ಮ ಮಗಳಿಗೆ ಇದೆಯಾ ಅಂತ ನೆಂಟರಿಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ.

ಅದು ಹೇಗಿರುತ್ತದೆ ಅಂತ ಒಂದು ಘಟನೆ ಹೇಳುತ್ತೇನೆ. ಪಿಎಚ್‌ಡಿ ನಾಲ್ಕನೇ ವರ್ಷದಲ್ಲಿ ನನ್ನದೊಂದು ದೊಡ್ಡ ಫಲಿತಾಂಶ ಸಿದ್ಧವಾಗಿತ್ತು. ಪತ್ರಿಕೆಗೆ ಕಳಿಸುವ ಎರಡು ದಿನ ಮೊದಲು ರಾತ್ರಿ ಕೂತು ಮತ್ತೊಂದು ಸಲ ಓದುತ್ತಿದ್ದೆ. ಮೂವತ್ತೊಂದನೇ ಪುಟದಲ್ಲಿ ಒಂದು ಅಸಮತೆಯ ಚಿಹ್ನೆ ತಿರುಗಿತ್ತು. ದೊಡ್ಡದು ಅನ್ನಬೇಕಾದ ಕಡೆ ಸಣ್ಣದು ಅಂತ ಬರೆದಿದ್ದೆ. ಪೆನ್ಸಿಲಿನಲ್ಲಿ ಸುತ್ತು ಹಾಕಿ ಅದರ ಮೇಲೆ ನಿಂತಿದ್ದ ಎಲ್ಲವನ್ನೂ ಒಂದೊಂದಾಗಿ ಹೊಡೆಯುತ್ತಾ ಹೋದೆ, ಬೆಳಗಾಗುವಷ್ಟರಲ್ಲಿ ಹದಿನೆಂಟು ಪುಟ ಹೋಗಿತ್ತು. ಎಂಟು ತಿಂಗಳ ಕೆಲಸ. ಕೊನೆಗೆ ಉಳಿದಿದ್ದು ಬೇರೆ ಊಹೆಗಳನ್ನು ಸೇರಿಸಿಕೊಂಡ ಒಂದು ಚಿಕ್ಕ ಪ್ರಮೇಯ. ಅದೇ ನನ್ನ ಥೀಸಿಸ್‌ನ ಮುಖ್ಯ ಅಧ್ಯಾಯ ಆಯಿತು. ಪ್ರತಿಯೊಬ್ಬ ಗಣಿತಜ್ಞರ ಹತ್ತಿರವೂ ಇಂಥದ್ದೊಂದು ರಾತ್ರಿ ಇರುತ್ತದೆ. ಅವಳಿಗೂ ಬರುತ್ತದೆ. ಆ ದಿನ ಫೋನ್ ಮಾಡಿದರೆ "ಬಿಟ್ಟು ಬಾ" ಅಂತ ತಕ್ಷಣ ಹೇಳಬೇಡಿ, ಒಂದು ವಾರ ಕಾಯಿರಿ.

ಅತಿಥಿ ಉಪನ್ಯಾಸಕಿಯಾಗಿ ಉಳಿಯುವ ಮಾತು ಮಾತ್ರ ಸುಳ್ಳಲ್ಲ. ಅದು ನಿಜವಾದ ಅಪಾಯ, ನೇರವಾಗಿ ನೋಡೋಣ.

ದಾರಿಯ ಉದ್ದ ಹೀಗಿದೆ. ಎಂಎಸ್ಸಿ ಎರಡು ವರ್ಷ. ಪಿಎಚ್‌ಡಿ ಐದು, ಕೆಲವೊಮ್ಮೆ ಆರು. ಆಮೇಲೆ ಪೋಸ್ಟ್‌ಡಾಕ್ ಅಂತ ತಾತ್ಕಾಲಿಕ ಸಂಶೋಧನಾ ಕೆಲಸ ಎರಡರಿಂದ ನಾಲ್ಕು ವರ್ಷ, ಒಂದು ಊರಿಂದ ಇನ್ನೊಂದು ಊರಿಗೆ, ಹೊರದೇಶವೂ ಆಗಬಹುದು. ಅದಾದ ಮೇಲೆ ಕಾಯಂ ಕೆಲಸ. ಅಂದರೆ ಈಗ ಇಪ್ಪತ್ತೊಂದರ ಹುಡುಗಿಗೆ ಮೂವತ್ತೊಂದು, ಮೂವತ್ತೆರಡು. ಈ ನಡುವೆ ಸಂಬಳ ಇರುತ್ತದೆ, ಭದ್ರತೆ ಇರುವುದಿಲ್ಲ. ಕೊನೆಯ ಬಾಗಿಲು ಕಿರಿದು. ಕೇಂದ್ರದ ದೊಡ್ಡ ಸಂಸ್ಥೆಗಳಾದ ಐಐಎಸ್ಸಿ, ಐಐಟಿ, ಐಸರ್‌ಗಳಲ್ಲಿ ಒಂದು ಹುದ್ದೆಗೆ ದೇಶ ಹೊರದೇಶದಿಂದ ಚೆನ್ನಾಗಿ ಕೆಲಸ ಮಾಡಿದ ತುಂಬಾ ಜನ ಅರ್ಜಿ ಹಾಕುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700 ರೂಪಾಯಿ, ಕೆಲಸ ಒಳ್ಳೆಯದೇ. ಆದರೆ ನೇಮಕಾತಿ ವರ್ಷವರ್ಷ ನಡೆಯುವುದಿಲ್ಲ. ಪ್ರಕಟಣೆ ಬರುವ ತನಕ ಕಾಯುವವರೇ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತಿರುತ್ತಾರೆ. ಅವರಲ್ಲಿ ಬುದ್ಧಿ ಕಡಿಮೆ ಇರುವವರು ಯಾರೂ ಇಲ್ಲ. ಹೆಚ್ಚಿನವರು ಸಿಕ್ಕಿಹಾಕಿಕೊಂಡದ್ದು ನಡುವೆ ಎಲ್ಲೋ ಒಂದು ಕಡೆ, ಅದೂ ಗೊತ್ತಿಲ್ಲದೆ.

ಎಲ್ಲಿ ಅಂತ ನಾನು ಕಂಡಿದ್ದು ಹೇಳುತ್ತೇನೆ. ಬೇಗ ಒಂದು ಪಿಎಚ್‌ಡಿ ಆಗಲಿ ಅಂತ, ಫೆಲೋಶಿಪ್ ಇಲ್ಲದ ಕಡೆ, ಯಾವ ಗೈಡ್ ಖಾಲಿ ಇದ್ದಾರೋ ಅವರ ಹತ್ತಿರ, ಅವರು ಕೊಟ್ಟ ವಿಷಯ ಹಿಡಿದು ಸೇರಿಬಿಡುತ್ತಾರೆ. ಖರ್ಚಿಗೆ ಎರಡು ಕಾಲೇಜಿನಲ್ಲಿ ಪಾಠ. ವಾರದಲ್ಲಿ ಸಂಶೋಧನೆಗೆ ಭಾನುವಾರ ಮಾತ್ರ. ಡಿಫರೆನ್ಶಿಯಲ್ ಜಾಮೆಟ್ರಿಯಲ್ಲಿ ಇನ್ನೊಂದು ಬಲೆ ಇದೆ. ಹೊಸ ಹೊಸ ವ್ಯಾಖ್ಯೆ ಹುಟ್ಟಿಸಿ, ಟೆನ್ಸರ್ ಲೆಕ್ಕ ಮಾಡಿ, ಒಂದು ಸಣ್ಣ ಬದಲಾವಣೆಗೆ ಒಂದು ಪೇಪರ್ ಅಂತ ಬರೆಯುತ್ತಾ ಹೋಗಬಹುದು. ದುಡ್ಡು ಕಟ್ಟಿಸಿಕೊಂಡು ಹದಿನೈದು ದಿನದಲ್ಲಿ ಛಾಪಿಸುವ ಪತ್ರಿಕೆಗಳೂ ಇವೆ. ಪೇಪರ್ ಎಣಿಕೆ ಏರುತ್ತದೆ. ಆದರೆ ಒಳ್ಳೆಯ ಕಡೆ ಸಂದರ್ಶನಕ್ಕೆ ಕೂತಾಗ "ಈ ವ್ಯಾಖ್ಯೆಗೆ ಒಂದು ಉದಾಹರಣೆ ಕೊಡಿ" ಅಂದರೆ ಉತ್ತರ ಇರುವುದಿಲ್ಲ. ಮಕ್ಕಳ ಕಣ್ಣು ತುಂಬಿದ್ದನ್ನು ಆ ಕೋಣೆಯಲ್ಲಿ ಕೂತು ನೋಡಿದ್ದೇನೆ. ಅವರನ್ನು ಆ ಜಾಗಕ್ಕೆ ತಂದವರ ಮೇಲೆ ನನಗೆ ಸಿಟ್ಟಿದೆ.

ಹಾಗಾದರೆ ನಿಮ್ಮ ಮಗಳ ಮುಂದೆ ಏನೇನಿದೆ?

ಮೊದಲನೆಯದು ಜಾಮ್ ಪರೀಕ್ಷೆ. ಫೆಬ್ರವರಿಯಲ್ಲಿ ನಡೆಯುತ್ತದೆ, ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಐಐಟಿಗಳ ಎಂಎಸ್ಸಿಗೂ, ಬೆಂಗಳೂರಿನ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಇದೇ ದಾರಿ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್, ಟಾಟಾ ಸಂಸ್ಥೆ ತಮ್ಮದೇ ಪರೀಕ್ಷೆ ಇಡುತ್ತವೆ. ನನ್ನ ಕೇಳಿದರೆ ಇದೇ ಒಳ್ಳೆಯ ದಾರಿ, ಯಾಕೆಂದರೆ ಜಾಮೆಟ್ರಿಕ್ ಅನಾಲಿಸಿಸ್ ಮಾಡುವವರು ಇಂಥ ಕಡೆಗಳಲ್ಲೇ ಜಾಸ್ತಿ ಸಿಗುತ್ತಾರೆ, ಓರಗೆಯ ಮಕ್ಕಳ ಜೊತೆ ಬೋರ್ಡಿನ ಮುಂದೆ ನಿಂತು ಜಗಳ ಆಡಿ ಕಲಿಯುವುದು ಸಿಗುತ್ತದೆ. ಅಪಾಯ ಅಂದರೆ ಮೊದಲ ವರ್ಷ. ಊರಲ್ಲಿ ಮೊದಲ ರ‍್ಯಾಂಕ್ ಬರುತ್ತಿದ್ದ ಹುಡುಗಿ ಅಲ್ಲಿ ಇದ್ದಕ್ಕಿದ್ದಂತೆ ಹಿಂದೆ ಬೀಳುತ್ತಾಳೆ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ. ನನಗೆ ಆರು ತಿಂಗಳು ಹಾಗೇ ಆಯಿತು. ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷಿನಲ್ಲಿ ಬರೆಯುವುದು ರೂಢಿಯಾಗಲು ಸಮಯ ಬೇಕು, ಅಷ್ಟೇ. ಕೂಡುವ ಕಳೆಯುವ ಲೆಕ್ಕ ನಾನು ಈಗಲೂ ಮನಸ್ಸಲ್ಲಿ ಕನ್ನಡದಲ್ಲೇ ಮಾಡುವುದು. ಅದರಿಂದ ಯಾವ ಪ್ರಮೇಯಕ್ಕೂ ತೊಂದರೆ ಆಗಿಲ್ಲ.

ಎರಡನೆಯದು ಶಂಕರಘಟ್ಟ. ಕುವೆಂಪು ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಡಿಫರೆನ್ಶಿಯಲ್ ಜಾಮೆಟ್ರಿ ಸಂಶೋಧನೆ ವರ್ಷಗಳಿಂದ ನಡೆದುಬಂದಿದೆ. ಕಾಂಟ್ಯಾಕ್ಟ್ ಮ್ಯಾನಿಫೋಲ್ಡ್, ರಿಚಿ ಸಾಲಿಟಾನ್ ಅಂತ ಮಗಳು ಹೇಳಿದರೆ ಅದು ಅಲ್ಲಿ ಕೇಳಿದ ಹೆಸರು ಇರಬಹುದು. ರಿಚಿ ಸಾಲಿಟಾನ್ ಅಂದರೆ, ನಾನು ಹೇಳಿದ ಆ ಹರಿವಿನಲ್ಲಿ ರೂಪ ಕೆಡದೆ ಬರೀ ಹಿಗ್ಗುವ, ಕುಗ್ಗುವ ಅಥವಾ ಹಾಗೇ ಉಳಿಯುವ ಆಕಾರ. ಮನೆಗೆ ಹತ್ತಿರ, ಖರ್ಚು ಕಡಿಮೆ, ಆ ಎರಡು ವರ್ಷದಲ್ಲಿ ತೋಟದ ಪರಿಸ್ಥಿತಿಯೂ ಒಂದು ದಡ ಸೇರಬಹುದು. ಈ ದಾರಿ ಹಿಡಿದರೆ ಅವಳು ತಾನೇ ತುಂಬಿಕೊಳ್ಳಬೇಕಾದ್ದು ಅನಾಲಿಸಿಸ್. ಮೆಷರ್ ಥಿಯರಿ, ಫಂಕ್ಷನಲ್ ಅನಾಲಿಸಿಸ್, ಪಾರ್ಶಿಯಲ್ ಡಿಫರೆನ್ಶಿಯಲ್ ಸಮೀಕರಣ. ಜಾಮೆಟ್ರಿ ಇಷ್ಟ ಅಂತ ಹೇಳುವ ಮಕ್ಕಳು ಇದನ್ನು ತಪ್ಪಿಸಿಕೊಳ್ಳುತ್ತಾರೆ. ನಾನೂ ತಪ್ಪಿಸಿಕೊಂಡಿದ್ದೆ. ಪಿಎಚ್‌ಡಿ ಎರಡನೇ ವರ್ಷ ನನ್ನ ಗೈಡ್ ಒಂದು ಅಂದಾಜು ಸಾಧಿಸಿ ತೋರಿಸು ಅಂದಾಗ ಎಲ್ಲಿಂದ ಹಿಡಿಯಬೇಕು ಅಂತಲೇ ಗೊತ್ತಾಗಲಿಲ್ಲ, ಹಿಂದೆ ಹೋಗಿ ಎಲ್ಲ ಕಲಿಯಲು ಪೂರ್ತಿ ಒಂದು ವರ್ಷ ಹಿಡಿಯಿತು. ಆ ಕೊರತೆ ತುಂಬಲು ದೇಶದಲ್ಲಿ ಒಳ್ಳೆಯ ವ್ಯವಸ್ಥೆ ಇದೆ, ಇದು ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಎಂಟಿಟಿಎಸ್ ಅಂತ 1993ರಿಂದ ಗಣಿತದ ಬೇಸಿಗೆ ಶಿಬಿರ ನಡೆಯುತ್ತದೆ, ನಾಲ್ಕು ವಾರ, ಊಟ ವಸತಿ ಅವರದೇ. ಬಿಎಸ್ಸಿ ಮಕ್ಕಳಿಗೂ ಇದೆ. ಪಿಎಚ್‌ಡಿ ಸೇರಿದ ಮೇಲೆ ಎಟಿಎಂ ಅನ್ನುವ ಗಣಿತ ತರಬೇತಿ ಶಾಲೆಗಳಿವೆ. ಎಂಎಸ್ಸಿ ಆದ ಮೇಲೆ ಸಿಎಸ್‌ಐಆರ್ ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ ಬಂದರೆ, ಇಲ್ಲವೇ ಉನ್ನತ ಗಣಿತದ ರಾಷ್ಟ್ರೀಯ ಮಂಡಳಿಯಾದ ಎನ್‌ಬಿಎಚ್‌ಎಂ ಫೆಲೋಶಿಪ್ ಬಂದರೆ, ಎಂಎಸ್ಸಿ ಎಲ್ಲಿ ಮಾಡಿದಳು ಅಂತ ಆಮೇಲೆ ಯಾರೂ ಅಷ್ಟಾಗಿ ಕೇಳುವುದಿಲ್ಲ.

ಬಿ.ಎಡ್ ಬಗ್ಗೆ ನನಗೆ ಗೌರವ ಇದೆ. ನನಗೆ ಗಣಿತದ ರುಚಿ ಹತ್ತಿಸಿದ್ದು ಒಬ್ಬ ಹೈಸ್ಕೂಲ್ ಮೇಷ್ಟರು. ಆದರೆ "ಮೊದಲು ಬಿ.ಎಡ್ ಮಾಡಿಕೊಳ್ಳಲಿ, ಆಮೇಲೆ ಪಿಎಚ್‌ಡಿ ನೋಡೋಣ" ಅನ್ನುವ ಲೆಕ್ಕ ಕೂಡಿಬರುವುದು ಅಪರೂಪ. ಎರಡು ವರ್ಷ ಕಠಿಣ ಗಣಿತ ಬಿಟ್ಟರೆ ಕೈ ಜಡವಾಗುತ್ತದೆ. ಹಿಂದೆ ಬಂದವರಿದ್ದಾರೆ, ಬಹಳ ಕಷ್ಟಪಟ್ಟು ಬಂದಿದ್ದಾರೆ. ತಿರುಗಿಸಿ ಮಾಡುವುದು ಸುಲಭ. ಎಂಎಸ್ಸಿ ಮುಗಿಸಿ ಸಂಶೋಧನೆ ಬೇಡ ಅನಿಸಿದರೆ ಆಗ ಬಿ.ಎಡ್ ಮಾಡಬಹುದು, ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆಸೆಟ್ ಪಾಸು ಮಾಡಿ ಕಾಲೇಜಿಗೂ ಅರ್ಜಿ ಹಾಕಬಹುದು. 2023ರ ಯುಜಿಸಿ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯ ಅಲ್ಲ, ನೆಟ್ ಅಥವಾ ಸೆಟ್ ಸಾಕು.

ಎಂಸಿಎ ವಿಷಯ ಚುಟುಕಾಗಿ ಹೇಳುತ್ತೇನೆ. ಅವಳಿಗೆ ಇಷ್ಟ ಇಲ್ಲದಿದ್ದರೆ ಬೇಡ. ಆದರೆ ಎಂಎಸ್ಸಿ ಜೊತೆಗೆ ಪೈಥಾನ್ ಕಲಿಯಲಿ. ಕಂಪನಿಯವರು ಮ್ಯಾನಿಫೋಲ್ಡ್ ಕೇಳುವುದಿಲ್ಲ, ಲೀನಿಯರ್ ಆಲ್ಜೀಬ್ರಾ, ಪ್ರೊಬೆಬಿಲಿಟಿ ಕೇಳುತ್ತಾರೆ. ನನ್ನ ಜೊತೆ ಪಿಎಚ್‌ಡಿ ಸೇರಿದ ಐದು ಜನರಲ್ಲಿ ಇಬ್ಬರು ಹೀಗೆ ಹೊರಗೆ ಹೋದರು, ಒಬ್ಬಳು ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳ ಆಕಾರ ಹೋಲಿಸುವ ಕೆಲಸದಲ್ಲಿದ್ದಾಳೆ. ಅದೂ ಜಾಮೆಟ್ರಿಯೇ, ನಮ್ಮದಕ್ಕಿಂತ ಸಂಬಳ ಜಾಸ್ತಿ.

ಮದುವೆ. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ, ನೀವು ಕೇಳಿದ್ದೀರಿ, ಹೇಳುತ್ತೇನೆ. ಮದುವೆಯಿಂದ ಗಣಿತ ನಿಲ್ಲುವುದಿಲ್ಲ. ಊರು ಬದಲಾಗುವುದರಿಂದ ನಿಲ್ಲುತ್ತದೆ. ಪಿಎಚ್‌ಡಿ ಮೂರನೇ ವರ್ಷ ಗೈಡ್ ಇರುವ ಊರು ಬಿಟ್ಟು ಬೇರೆ ಕಡೆ ಸಂಸಾರ ಹೂಡಿದರೆ ಕೆಲಸ ಅಲ್ಲೇ ಉಳಿಯುತ್ತದೆ. ಹುಡುಗನ ಕಡೆಯವರ ಹತ್ತಿರ ಮಾತಾಡುವಾಗ ಇದನ್ನು ಮೊದಲೇ ಬಾಯಿ ಬಿಟ್ಟು ಹೇಳಿ: ಇವಳು ಇಷ್ಟು ವರ್ಷ ಈ ಊರಲ್ಲಿ ಇರಬೇಕು, ಆಮೇಲೆ ಎರಡು ವರ್ಷ ಹೊರಗೆ ಹೋಗಬೇಕಾಗಬಹುದು. ಒಪ್ಪುವ ಮನೆ ಸಿಗುತ್ತದೆ, ನನಗೆ ಸಿಕ್ಕಿತು. ನಮ್ಮ ವಿಷಯದಲ್ಲೇ ಕೇರನ್ ಉಹ್ಲೆನ್‌ಬೆಕ್ ಅನ್ನುವವರಿದ್ದಾರೆ. ಅಮೆರಿಕದವರು. ಆ ಕಾಲದಲ್ಲಿ ಅವರ ಗಂಡನಿಗೆ ಕೆಲಸ ಕೊಡಲು ಮುಂದೆ ಬಂದ ದೊಡ್ಡ ವಿಶ್ವವಿದ್ಯಾಲಯಗಳು ಅವರಿಗೆ ಕೊಡಲಿಲ್ಲ. ಕೆಲಸ ಸಿಕ್ಕ ಕಡೆ ಕೂತು ಅವರು ಗುಳ್ಳೆ ಏಳುವ ಗಣಿತ ಕಟ್ಟಿದರು. ಆಕಾರವನ್ನು ಸಮೀಕರಣದಲ್ಲಿ ಹಿಡಿಯಲು ಹೋದಾಗ ಒಂದು ಚುಕ್ಕೆಯಲ್ಲಿ ಶಕ್ತಿ ಎಲ್ಲ ಗುಂಪುಗೂಡಿ ಗುಳ್ಳೆಯಾಗಿ ಹೊರಗೆ ಬರುತ್ತದೆ ಅಂತ ತೋರಿಸಿದ್ದು ಅವರೂ ಅವರ ಜೊತೆಗಾರರೂ. 2019ರಲ್ಲಿ ಅವರಿಗೆ ಗಣಿತದ ದೊಡ್ಡ ಪ್ರಶಸ್ತಿಯಾದ ಏಬೆಲ್ ಪ್ರಶಸ್ತಿ ಬಂತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಇಲ್ಲಿಯೂ, ನಡುವೆ ಬಿಟ್ಟು ಮತ್ತೆ ಸಂಶೋಧನೆಗೆ ಬರುವ ಮಹಿಳೆಯರಿಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಫೆಲೋಶಿಪ್‌ಗಳಿವೆ, ಜೆಆರ್‌ಎಫ್ ವಯೋಮಿತಿಯಲ್ಲೂ ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ.

ನನ್ನ ಅಭಿಪ್ರಾಯ ಏನು ಅಂತ ಕೇಳುತ್ತೀರಿ. ಮಗಳು ಗಣಿತಜ್ಞೆ ಆಗಬೇಕಾ ಬೇಡವಾ ಅಂತ ನೀವು ಈಗ ತೀರ್ಮಾನ ಮಾಡಬೇಕಾಗಿಲ್ಲ. ಅದು ಹತ್ತು ವರ್ಷದ ಪ್ರಶ್ನೆ. ಈಗ ತೀರ್ಮಾನ ಮಾಡಬೇಕಾದ್ದು ಮುಂದಿನ ಎರಡು ವರ್ಷ ಮಾತ್ರ. ಈ ವರ್ಷ ಜಾಮ್ ಬರೆಯಲಿ, ಜೊತೆಗೆ ಕುವೆಂಪು ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಲಿ. ಜಾಮ್‌ನಲ್ಲಿ ಒಳ್ಳೆಯ ಕಡೆ ಸಿಕ್ಕರೆ ಕಳಿಸಿ. ಸಿಗದಿದ್ದರೆ ಶಂಕರಘಟ್ಟದಲ್ಲಿ ಎಂಎಸ್ಸಿ, ಬೇಸಿಗೆಯಲ್ಲಿ ಶಿಬಿರ, ಮುಗಿಯುವಷ್ಟರಲ್ಲಿ ನೆಟ್. ಆ ಎರಡು ವರ್ಷ ಮುಗಿದಾಗ ಫೆಲೋಶಿಪ್ ಕೈಯಲ್ಲಿ ಇದ್ದರೆ ಮುಂದೆ ಹೋಗಲಿ. ಇಲ್ಲದಿದ್ದರೆ ಇನ್ನೊಂದು ವರ್ಷ ಪ್ರಯತ್ನ ಮಾಡಲಿ, ಆಗಲೂ ಬರದಿದ್ದರೆ ಕೂತು ಮಾತಾಡಿ. ಫೆಲೋಶಿಪ್ ಇಲ್ಲದೆ ಪಿಎಚ್‌ಡಿ ಸೇರುವುದಕ್ಕೆ ಮಾತ್ರ ಒಪ್ಪಬೇಡಿ, ಅವಳು ಅತ್ತರೂ ಒಪ್ಪಬೇಡಿ. ಸೇರುವ ಮೊದಲು ಗೈಡ್ ಹತ್ತಿರ ಈ ಹಿಂದೆ ಪಿಎಚ್‌ಡಿ ಮುಗಿಸಿದವರು ಈಗ ಎಲ್ಲಿದ್ದಾರೆ, ಎಷ್ಟು ವರ್ಷಕ್ಕೆ ಮುಗಿಸಿದರು ಅಂತ ವಿಚಾರಿಸಲಿ. ಹೆಣ್ಣು ಕೊಡುವಾಗ ಮನೆತನ ವಿಚಾರಿಸುವಷ್ಟೇ ಜಾಗ್ರತೆಯಿಂದ ವಿಚಾರಿಸಲಿ, ಇದರಲ್ಲಿ ಮುಜುಗರ ಏನಿಲ್ಲ.

ಮತ್ತೆ ಒಂದು ವಿಷಯ. ಈ ಭಾನುವಾರ ಮಗಳು ಮನೆಗೆ ಬಂದಾಗ ತೋಟದಿಂದ ಒಂದು ಹಾಳೆ ತಂದು ಅವಳ ಮುಂದೆ ಇಡಿ. ಇದರಲ್ಲಿ ಮಡಿಕೆ ಇಲ್ಲದೆ ದೊನ್ನೆ ಯಾಕೆ ಆಗುವುದಿಲ್ಲ ಅಂತ ಕೇಳಿ. ಅವಳು ವಿವರಿಸುವಾಗ ಮುಖ ನೋಡುತ್ತಾ ಇರಿ, ನೆಂಟರಿಗೆ ಏನು ಹೇಳಬೇಕು ಅಂತ ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಜಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಹಳೇ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಹತ್ತು ವರ್ಷದ ಪತ್ರಿಕೆಗಳನ್ನು ಶಿವಮೊಗ್ಗದಲ್ಲೇ ಪ್ರಿಂಟ್ ಹಾಕಿಸಿಕೊಂಡು ಬರಲು ಹೇಳಿ.